ಅಳಿದವರ ಹಾಡುಗಳು

ಮನೆಯಲ್ಲಿ ಒಬ್ಬರು ತೀರಿಕೊಂಡರೆ ಅವರ ಗುಣಗಳನ್ನು ಎಣಿಸಿ ಹೇಳಿಕೊಂಡು ಅಳುವ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಪೂರ್ತಿಯಾಗಿ ನಿಂತುಹೋಗಿಲ್ಲ. ಅಳುವವರು ಹೆಂಗಸರು, ಅಳುವಿಗೆ ಒಂದು ರಾಗವುಂಟು, ಹೇಳುವ ಮಾತಿಗೆ ಒಂದು ಕ್ರಮವುಂಟು. ಆದರೆ ಒಂದೇ ರಾತ್ರಿಯಲ್ಲಿ ನೂರು ಮಂದಿ, ಇನ್ನೂರು ಮಂದಿ ಸತ್ತರೆ ಹೀಗೆ ಎಣಿಸಿ ಅಳುವವರು ಯಾರು? ಆಗ ಎಣಿಸುವ ಕೆಲಸವು ಸರ್ಕಾರದವರ ಪಾಲಿಗೆ ಬರುತ್ತದೆ. ಅವರು ಎಣಿಸುವುದು ಗುಣಗಳನ್ನಲ್ಲ, ಹೆಣಗಳನ್ನು. ಪತ್ರಿಕೆಗಳು ಆ ಸಂಖ್ಯೆಯನ್ನು ದಪ್ಪ ಅಕ್ಷರಗಳಲ್ಲಿ ಅಚ್ಚುಮಾಡುತ್ತವೆ, ವಿಚಾರಣೆ ನಡೆಯುತ್ತದೆ, ವರದಿಯು ಬೀರುವನ್ನು ಸೇರುತ್ತದೆ. ಇದೆಲ್ಲ ಮುಗಿದ ಮೇಲೆ, ಕೆಲವು ಸಲ ಇದೆಲ್ಲ ಮುಗಿಯುವುದಕ್ಕೆ ಮೊದಲೇ, ಎಲ್ಲಿಂದಲೋ ಒಂದು ಹಾಡು ಹುಟ್ಟಿಕೊಳ್ಳುತ್ತದೆ.

ಅಂತಹ ಹಾಡುಗಳ ವಿಷಯವಾಗಿ ನಾಲ್ಕು ಮಾತುಗಳನ್ನು ಆಡಬೇಕೆಂದು ನಮ್ಮ ಉದ್ದೇಶ. ದುಃಖದಿಂದ ಕವಿತೆ ಹುಟ್ಟಿತೆಂಬ ಮಾತು ನಮ್ಮ ದೇಶದಲ್ಲಿ ಹೊಸದಲ್ಲ. ಕ್ರೌಂಚಪಕ್ಷಿಗಳ ಜೋಡಿಯಲ್ಲಿ ಒಂದು ಸತ್ತುಬಿದ್ದುದನ್ನು ಕಂಡು ವಾಲ್ಮೀಕಿಯ ಶೋಕವು ಶ್ಲೋಕವಾಯಿತೆಂಬುದನ್ನು ಶ್ರೋತೃಗಳೆಲ್ಲರೂ ಬಲ್ಲರು. ಆದರೆ ಆ ಶ್ಲೋಕದಲ್ಲಿ ಇರುವುದು ಬರಿಯ ಮರುಕವಲ್ಲ ಎಂಬುದನ್ನು ನಾವು ಹಲವು ವೇಳೆ ಮರೆಯುತ್ತೇವೆ. ಕೊಂದವನ ಮೇಲೆ ಶಾಪವೂ ಅದರಲ್ಲಿ ಇದೆ. ಶಾಪವನ್ನು ತೆಗೆದುಹಾಕಿದರೆ ಆ ಶ್ಲೋಕದಲ್ಲಿ ಉಳಿಯುವುದು ಎಷ್ಟು? ಸತ್ತವರಿಗಾಗಿ ಹಾಡುವಾಗ ಅಳುವುದು ಒಂದು ಕೆಲಸ, ಸಾಕ್ಷಿ ಹೇಳುವುದು ಇನ್ನೊಂದು ಕೆಲಸ. ಈ ಎರಡನ್ನೂ ಒಂದೇ ಹಾಡು ಮಾಡಬಲ್ಲುದೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಮೊದಲು ನಮ್ಮ ನಾಡಿನದೇ ಒಂದು ಹಾಡನ್ನು ನೋಡೋಣ. ಹಲಗಲಿಯು ಈಗ ಬಾಗಲಕೋಟೆ ಜಿಲ್ಲೆಯಲ್ಲಿರುವ ಒಂದು ಊರು. ೧೮೫೭ರಲ್ಲಿ ಅದು ಮುಧೋಳ ಸಂಸ್ಥಾನಕ್ಕೆ ಸೇರಿದ್ದಿತು. ಆ ವರ್ಷ ಉತ್ತರ ಹಿಂದೂಸ್ಥಾನದಲ್ಲಿ ಸಿಪಾಯಿಗಳು ದಂಗೆಯೆದ್ದ ಮೇಲೆ, ಪ್ರಜೆಗಳು ಅಪ್ಪಣೆಯಿಲ್ಲದೆ ಆಯುಧಗಳನ್ನು ಇಟ್ಟುಕೊಳ್ಳಕೂಡದೆಂದು ಕುಂಪಣಿ ಸರ್ಕಾರದವರು ಕಾನೂನು ಮಾಡಿದರು. ಹಲಗಲಿಯ ಬೇಡರಿಗೆ ಆಯುಧವು ಅಲಂಕಾರವೂ ಅಲ್ಲ, ಬರಿಯ ಬೇಟೆಯ ಸಾಧನವೂ ಅಲ್ಲ; ಅದು ಅವರ ವೃತ್ತಿ, ಅವರ ಮಾನ. ಅವರು ಕೊಡುವುದಿಲ್ಲವೆಂದರು. ನವೆಂಬರ್ ತಿಂಗಳ ಕೊನೆಯಲ್ಲಿ ಸೈನ್ಯ ಬಂದಿತು. ಊರನ್ನು ಮುತ್ತಿ, ಹೊಕ್ಕು, ಸುಟ್ಟಿತು. ಸುಮಾರು ನೂರು ಮಂದಿ ಆ ಕಾಳಗದಲ್ಲಿ ಸತ್ತರು. ಹಲವರು ಸೆರೆಸಿಕ್ಕರು. ಡಿಸೆಂಬರ್ ತಿಂಗಳಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಒಟ್ಟು ೧೯ ಮಂದಿಯನ್ನು ಗಲ್ಲಿಗೇರಿಸಿದರು.

ಈ ಸಂಗತಿಯನ್ನು ಕುರಿತ ಲಾವಣಿಯೊಂದು ಹುಟ್ಟಿ, ಬಾಯಿಂದ ಬಾಯಿಗೆ ಬಂದು, ಈಗ ಪಾಠಪುಸ್ತಕಗಳಿಗೂ ಸೇರಿದೆ. ವಿಲಾಯಿತಿಯಿಂದ ಹೊರಟ ಹುಕುಮಿನಿಂದ ಅದು ಮೊದಲಾಗುತ್ತದೆ. ಅಂದರೆ ಕೇಡಿನ ಮೂಲವು ಎಲ್ಲಿ ಎಂಬುದನ್ನು ಲಾವಣಿಕಾರನು ಆರಂಭದಲ್ಲಿಯೇ ತೋರಿಸಿಬಿಡುತ್ತಾನೆ. ಹನುಮ, ಬಾಲ, ಜಡಗ, ರಾಮ ಎಂಬ ನಾಯಕರನ್ನು ಹೆಸರುಹಿಡಿದು ಹೇಳುತ್ತಾನೆ. ದೊರೆಗಳ ಹೆಸರುಗಳೂ ಬರುತ್ತವೆ. ಇಂಗ್ಲಿಷ್ ಹೆಸರು ನಮ್ಮ ಜನರ ನಾಲಗೆಗೆ ಹೊಂದಿಕೊಂಡು ಬೇರೊಂದು ರೂಪವನ್ನು ಪಡೆದಿದೆ, ಅಷ್ಟೆ. ಶೌರ್ಯದ ಭಾಗವು ಎಲ್ಲ ಲಾವಣಿಗಳಲ್ಲಿಯೂ ಇರುವಂತಹುದೇ: ಇಷ್ಟು ಕುದುರೆಗಳು ಉರುಳಿದುವು, ರಕ್ತ ಹೀಗೆ ಹರಿಯಿತು. ಡಪ್ಪಿನ ಪೆಟ್ಟಿಗೆ ಸರಿಯಾಗಿ ಈ ಮಾತುಗಳು ಬಂದಾಗ ಕೇಳುವವರಿಗೆ ಮೈ ಜುಮ್ಮೆನ್ನುವುದು ನಿಜ. ಆದರೆ ನಮ್ಮ ಮನಸ್ಸು ನಿಲ್ಲುವುದು ಅಲ್ಲಿ ಅಲ್ಲ.

ಸೈನಿಕರು ಊರೊಳಗೆ ಹೊಕ್ಕು ದೋಚಿದರೆಂದು ಹೇಳುವಾಗ ಲಾವಣಿಕಾರನು ಏನೇನು ಹೋಯಿತೆಂಬುದಕ್ಕೆ ಒಂದು ಪಟ್ಟಿಯನ್ನು ಕೊಡುತ್ತಾನೆ. ಬಂಗಾರ, ಬೆಳ್ಳಿ, ಹಣದ ಗಂಟುಗಳು ಎಂದು ನಾವು ನಿರೀಕ್ಷಿಸುತ್ತೇವೆ. ಅವನು ಹೇಳುವುದು ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಬೆಲ್ಲ, ಹಾಲು, ಬೆಣ್ಣೆ, ಉಣ್ಣುವ ಗಂಗಾಳ, ಬೀಸುವ ಕಲ್ಲು, ಕೊರಳಿನ ಮಂಗಳಸೂತ್ರ. ಬೀಸುವ ಕಲ್ಲನ್ನು ಹೊತ್ತುಕೊಂಡು ಹೋಗಿ ಯಾವ ಸೈನಿಕನು ಏನು ಮಾಡುತ್ತಾನೆ ಎಂದು ಕೇಳುವವರು ಕೇಳಬಹುದು. ಅದು ಇತಿಹಾಸಕಾರನ ಸಂದೇಹ. ಹಾಡಿನ ಲೆಕ್ಕ ಬೇರೆ. ಜೀರಿಗೆಯ ಡಬ್ಬಿಯೂ ಬೀಸುವ ಕಲ್ಲೂ ಇಲ್ಲದೆ ಮನೆಯು ಮನೆಯಾಗಿ ಉಳಿಯುವುದಿಲ್ಲ. ಆ ಊರಿನಲ್ಲಿ ನಾಶವಾದುದು ಒಂದು ಕೋಟೆಯಲ್ಲ, ಅಡುಗೆಯ ಮನೆಗಳು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಬಗೆ ನಮಗೆ ತಿಳಿಯದು. ಯಾವ ಅಧಿಕಾರಿಯೂ ತನ್ನ ವರದಿಯಲ್ಲಿ ಜೀರಿಗೆಯನ್ನು ಬರೆಯಲಾರನು.

ಕೊನೆಯಲ್ಲಿ ಕವಿಯು ಕುರ್ತಕೋಟಿಯ ಕಲ್ಮೇಶನನ್ನು ನೆನೆಯುತ್ತಾನೆ. ತನ್ನ ಹೆಸರನ್ನು ಹೇಳಿಕೊಳ್ಳುವುದಿಲ್ಲ. ಇಂತಹ ಲಾವಣಿಗಳನ್ನು ಬರೆದಿಟ್ಟು ಅಚ್ಚುಹಾಕಿಸಿದವರಲ್ಲಿ ಮೊದಲಿಗರಾದ ಫ್ಲೀಟ್ ಸಾಹೇಬರು ಅದೇ ಬ್ರಿಟಿಷ್ ಸರ್ಕಾರದ ಅಧಿಕಾರಿಗಳಾಗಿದ್ದರೆಂಬುದು ಒಂದು ವಿನೋದ. ಶಾಸನಗಳನ್ನು ಓದಿದ ಕಣ್ಣಿಗೆ ಈ ಹಾಡುಗಳೂ ಒಂದು ಬಗೆಯ ಶಾಸನಗಳೆಂದು ತೋರಿರಬೇಕು. ಇನ್ನೊಂದು ಮಾತು: ಆದಿಕವಿಯ ಶಾಪ ತಗುಲಿದುದು ಬೇಡನಿಗೆ, ಇಲ್ಲಿ ಬಾಣ ತಗುಲಿದ ಹಕ್ಕಿಗಳೇ ಬೇಡರು.

ಹಾಗಾದರೆ ಹಲಗಲಿಯ ಹಾಡು ಅಳುವುದನ್ನೂ ಸಾಕ್ಷಿ ಹೇಳುವುದನ್ನೂ ಕೂಡಿಯೇ ಮಾಡಿತು ಎನ್ನಬಹುದು. ಆದರೂ ಒಂದು ಕೊರತೆಯನ್ನು ಹೇಳದಿರುವಂತಿಲ್ಲ. ನಾಯಕರ ಹೆಸರುಗಳು ಉಳಿದುವು. ಸತ್ತ ನೂರು ಮಂದಿಯಲ್ಲಿ ಉಳಿದವರ ಹೆಸರುಗಳು ಉಳಿಯಲಿಲ್ಲ. ಮಂಗಳಸೂತ್ರ ಹೋಯಿತೆಂದು ಹಾಡು ಹೇಳುತ್ತದೆ. ಅದು ಯಾರ ಕೊರಳಿನದು ಎಂದು ಹೇಳುವುದಿಲ್ಲ. ಈ ಕೊರತೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಈಗ ಬಹು ದೂರದ ಒಂದು ಊರಿಗೆ ಹೋಗೋಣ. ಅಲ್ಲಿ ಒಂದೇ ದುರಂತಕ್ಕೆ ಎರಡು ಹಾಡುಗಳು ಹುಟ್ಟಿದುವು. ಒಂದು ಸಾಕ್ಷಿಯನ್ನು ಮಾತ್ರ ಹೇಳಿತು, ಇನ್ನೊಂದು ಅತ್ತಿತು ಮಾತ್ರ.

ಇಂಗ್ಲೆಂಡಿಗೆ ಪಶ್ಚಿಮದಲ್ಲಿರುವ ವೇಲ್ಸ್ ಸೀಮೆಯ ಉತ್ತರಭಾಗದಲ್ಲಿ ರೆಕ್ಸಾಮ್ ಎಂಬ ಪಟ್ಟಣವಿದೆ. ಅದರ ಸಮೀಪದಲ್ಲಿ ಗ್ರೆಸ್‌ಫರ್ಡ್ ಎಂಬ ಕಲ್ಲಿದ್ದಲ ಗಣಿ ಇದ್ದಿತು. ೧೯೩೪ನೆಯ ಇಸವಿ ಸೆಪ್ಟೆಂಬರ್ ೨೨ರಂದು, ಶನಿವಾರ, ಬೆಳಗಿನ ಜಾವ ಎರಡು ಗಂಟೆಯಾಗಿ ಕೆಲವು ನಿಮಿಷಗಳಾಗಿದ್ದಾಗ, ಆ ಗಣಿಯ ಡೆನ್ನಿಸ್ ಎಂಬ ಭಾಗದಲ್ಲಿ ಸ್ಫೋಟವಾಯಿತು. ಕಲ್ಲಿದ್ದಲ ಗಣಿಗಳಲ್ಲಿ ಉರಿಯುವ ಅನಿಲವೊಂದು ಬಂಡೆಯ ಸಂದುಗಳಿಂದ ಒಸರುತ್ತಿರುತ್ತದೆ. ಮೇಲಿನಿಂದ ಗಾಳಿಯನ್ನು ಸಾಕಷ್ಟು ಹಾಯಿಸಿ ಅದನ್ನು ಹೊರಕ್ಕೆ ದೂಡುತ್ತಿರಬೇಕು; ಗಾಳಿ ಸಾಲದೆ ಹೋದರೆ ಅದು ಶೇಖರವಾಗಿ, ಒಂದು ಕಿಡಿಯಿಂದ ಹತ್ತಿಕೊಳ್ಳುತ್ತದೆ. ಕೋಲಾರದ ಚಿನ್ನದ ಗಣಿಗಳು ೨೦೦೧ರಲ್ಲಿ ಮುಚ್ಚುವವರೆಗೆ ನಮ್ಮಲ್ಲಿಯೂ ನೆಲದಡಿಯ ಸಾವು ಅಪರಿಚಿತವಾಗಿರಲಿಲ್ಲ. ಆದರೆ ಅಲ್ಲಿ ಭಯವಿದ್ದುದು ಸಿಡಿಯುವ ಬಂಡೆಗೆ, ಇಲ್ಲಿ ಉರಿಯುವ ಗಾಳಿಗೆ.

ಆ ರಾತ್ರಿ ಕೆಳಗೆ ಇದ್ದವರಲ್ಲಿ ಕೆಲವರು ಆಗ ಅಲ್ಲಿ ಇರಬೇಕಾದವರೇ ಅಲ್ಲ. ಶನಿವಾರ ಮಧ್ಯಾಹ್ನ ರೆಕ್ಸಾಮಿನಲ್ಲಿ ಕಾಲ್ಚೆಂಡಿನ ಪಂದ್ಯವಿದ್ದಿತು. ಅದನ್ನು ನೋಡಬೇಕೆಂಬ ಆಸೆಯಿಂದ, ಮರುದಿನದ ಕೆಲಸವನ್ನು ರಾತ್ರಿಯೇ ಮುಗಿಸಿಬಿಡೋಣವೆಂದು ಅವರು ಇಳಿದಿದ್ದರು. ಸ್ಫೋಟವಾದ ಕಡೆಯಿಂದ ಜೀವಸಹಿತ ಹೊರಬಂದವರು ಆರು ಮಂದಿ. ರಕ್ಷಣೆಗೆ ಹೋದವರಲ್ಲಿ ಮೂವರು ಸತ್ತರು. ಬೆಂಕಿ ಆರುವ ಲಕ್ಷಣ ಕಾಣದೆ, ಮರುದಿನ ಗಣಿಯ ಬಾಯನ್ನು ಮುಚ್ಚಿಬಿಟ್ಟರು. ಮುಚ್ಚಿದ ಬಾಯಿ ಮತ್ತೆ ಸಿಡಿದು ಮೇಲೆ ಇದ್ದ ಒಬ್ಬನು ಸತ್ತನು. ಒಟ್ಟು ಸತ್ತವರು ೨೬೬. ಹೊರಕ್ಕೆ ತೆಗೆದ ಶವಗಳು ೧೧; ಉಳಿದವರು ಆ ಕತ್ತಲೆಯಲ್ಲಿಯೇ ಉಳಿದರು. ಸಂಸ್ಕಾರಕ್ಕೆ ಶವವಿಲ್ಲದ ಮನೆಯ ದುಃಖ ಎಂತಹುದೆಂಬುದನ್ನು ವಿಸ್ತರಿಸಿ ಹೇಳಬೇಕಾದ್ದಿಲ್ಲ.

ವಿಚಾರಣೆಯಲ್ಲಿ ಹೊರಬಿದ್ದ ಸಂಗತಿಗಳು ಹೀಗಿವೆ: ಗಾಳಿಯ ಪ್ರಮಾಣವನ್ನು ಅಳೆದು ಬರೆಯಬೇಕಾದ ಪುಸ್ತಕದಲ್ಲಿ, ಅಳೆಯದೆಯೇ ಅಂಕಿಗಳನ್ನು ಬರೆದುದುಂಟು. ಕಾರ್ಮಿಕರ ಪರವಾಗಿ ಸರ್ ಸ್ಟಾಫರ್ಡ್ ಕ್ರಿಪ್ಸ್ ಅವರು ಫೀಸು ತೆಗೆದುಕೊಳ್ಳದೆ ವಾದಿಸಿದರು. ೧೯೪೨ರಲ್ಲಿ ಇಂಡಿಯಾಕ್ಕೆ ರಾಯಭಾರಿಯಾಗಿ ಬಂದ ಕ್ರಿಪ್ಸ್ ಅವರೇ ಇವರು. ಕೊನೆಗೆ ೧೯೩೭ರಲ್ಲಿ ನ್ಯಾಯಾಲಯವು ವಿಧಿಸಿದ ದಂಡ ೧೪೦ ಪೌಂಡುಗಳು. ಅದರ ಮೇಲೆ ಖರ್ಚಿನ ಬಾಬ್ತು ೩೫೦ ಪೌಂಡುಗಳು. ಸತ್ತವರ ಸಂಖ್ಯೆಯಿಂದ ದಂಡವನ್ನು ಭಾಗಿಸಿ ನೋಡುವುದು ಒಳ್ಳೆಯ ಅಭಿರುಚಿಯಲ್ಲವೆಂದು ಬಿಟ್ಟಿದ್ದೇವೆ.

ಈ ದುರಂತದ ಮೇಲೆ ಹುಟ್ಟಿದ ಮೊದಲನೆಯ ಹಾಡು ನಮ್ಮ ಲಾವಣಿಯ ಜಾತಿಗೆ ಸೇರಿದುದು. ಅದನ್ನು ಕಟ್ಟಿದವರು ಯಾರೋ ಗೊತ್ತಿಲ್ಲ. ತಿಂಗಳು, ಹೊತ್ತು, ದಿನಗೂಲಿ ಎಷ್ಟು ಷಿಲಿಂಗು, ಇವೆಲ್ಲವನ್ನೂ ಅದು ಹೇಳುತ್ತದೆ. ದಾಖಲೆಗಳು ಕಾಣೆಯಾದುವೆಂದು ಹೇಳಿ, ಅದಕ್ಕೆ ಕಾರಣರಾದವರನ್ನು ಬೆರಳಿಟ್ಟು ತೋರಿಸುತ್ತದೆ. ಅದರಲ್ಲಿ ಕಣ್ಣೀರು ಕಡಮೆ, ಕೋಪವೇ ಹೆಚ್ಚು; ಆ ಕೋಪವನ್ನೂ ಕೂಗಿ ಹೇಳದೆ ತಣ್ಣಗೆ ಹೇಳಿದೆ. ಮಾಲೀಕರ ಮುಂದೆ ನಿಂತು ಹಾಡಬಹುದಾದ ಹಾಡು ಅದಲ್ಲ.

ಎರಡನೆಯದಕ್ಕೆ ಮಾತೇ ಇಲ್ಲ. ಅದನ್ನು ರಚಿಸಿದವನು ರಾಬರ್ಟ್ ಸೇಂಟ್ ಎಂಬ ಗಣಿಕೆಲಸಗಾರ. ಅವನ ಊರು ವೇಲ್ಸಿನಲ್ಲಿಲ್ಲ. ಇಂಗ್ಲೆಂಡಿನ ಈಶಾನ್ಯದ ಡರ್ಹಮ್ ಸೀಮೆಯಲ್ಲಿ, ಹೆಬ್ಬರ್ನ್ ಎಂಬಲ್ಲಿ. ದುರಂತದ ಸುದ್ದಿಯನ್ನು ಕೇಳಿ ಮರುಗಿದ ಅವನು ಹಿತ್ತಾಳೆಯ ವಾದ್ಯಗಳ ಮೇಳಕ್ಕಾಗಿ ಒಂದು ಪ್ರಾರ್ಥನೆಯ ಮಟ್ಟನ್ನು ಕಟ್ಟಿದನು. ಅದಕ್ಕೆ ‘ಗ್ರೆಸ್‌ಫರ್ಡ್’ ಎಂದೇ ಹೆಸರಿಟ್ಟನು. ೧೯೩೮ರಲ್ಲಿ ಡರ್ಹಮ್ ಪಟ್ಟಣದಲ್ಲಿ ನಡೆದ ಗಣಿಕಾರ್ಮಿಕರ ಜಾತ್ರೆಯಲ್ಲಿ ಅದನ್ನು ಮೊದಲ ಬಾರಿಗೆ ನುಡಿಸಿದರು. ಜುಲೈ ತಿಂಗಳಲ್ಲಿ ನಡೆಯುವ ಆ ಜಾತ್ರೆ ನೋಡತಕ್ಕ ವಸ್ತು. ಒಂದೊಂದು ಗಣಿಯವರೂ ತಮ್ಮ ತಮ್ಮ ರೇಷ್ಮೆಯ ಪತಾಕೆಯನ್ನು ಎತ್ತಿಕೊಂಡು, ಮುಂದೆ ಬ್ಯಾಂಡನ್ನು ಬಾರಿಸುತ್ತ ಬರುತ್ತಾರೆ. ಆ ವರ್ಷ ಯಾವ ಗಣಿಯಲ್ಲಿ ಸಾವು ಸಂಭವಿಸಿದೆಯೋ ಅದರ ಪತಾಕೆಗೆ ಕರಿಯ ಬಟ್ಟೆಯನ್ನು ಹೊದಿಸಿರುತ್ತಾರೆ. ಗಣಿಗಳು ಮುಚ್ಚಿಹೋದ ಮೇಲೆಯೂ ಜಾತ್ರೆ ನಿಂತಿಲ್ಲ. ಮೈದಾನದಲ್ಲಿ ಈ ಮಟ್ಟು ಆರಂಭವಾದೊಡನೆ ಅಷ್ಟು ಹೊತ್ತೂ ಗದ್ದಲ ಮಾಡುತ್ತಿದ್ದ ಜನರು ಟೋಪಿಯನ್ನು ತೆಗೆದು ಸುಮ್ಮನೆ ನಿಲ್ಲುತ್ತಾರೆ.

ಮಟ್ಟು ಬಹಳ ಸರಳ. ಮೈಸೂರಿನಲ್ಲಿ ಅರಮನೆಯ ಬ್ಯಾಂಡನ್ನು ಕೇಳಿ ಬೆಳೆದ ಕಿವಿಗೆ ಅದು ವಿದೇಶದ್ದೆಂದು ಹೆಚ್ಚಾಗಿ ತೋರದು. ನಿಧಾನವಾಗಿ ಮೇಲಕ್ಕೆ ಏರಿ, ಏರಿದಲ್ಲಿ ನಿಲ್ಲಲಾರದೆ ಇಳಿಯುತ್ತದೆ. ಹಿತ್ತಾಳೆಯ ವಾದ್ಯಗಳಿಗೆ ಬಾಯಿಯ ಉಸಿರೇ ಜೀವ. ಅದೇ ಉಸಿರು ಸಾಲದೆ ಸತ್ತವರಿಗಾಗಿ, ಕಲ್ಲಿದ್ದಲ ಧೂಳನ್ನು ಕುಡಿದ ಎದೆಗಳಿಂದ ಆ ಉಸಿರು ಹೊರಡುತ್ತದೆ.

ಈ ಎರಡು ಹಾಡುಗಳಲ್ಲಿ ಹೆಚ್ಚಿನದು ಯಾವುದು? ನಮಗೆ ಮೊದಲು ತೋರಿದುದು ಹೀಗೆ: ಮಾತಿಲ್ಲದ ಹಾಡು ತಪ್ಪಿತಸ್ಥರನ್ನು ಬಿಟ್ಟುಬಿಡುತ್ತದೆ. ಅದು ನುಡಿಯುವಾಗ ಗಣಿಯ ಮಾಲೀಕನೂ ಟೋಪಿ ತೆಗೆದು ನಿಲ್ಲಬಹುದು; ಕಣ್ಣನ್ನೂ ಒರಸಿಕೊಳ್ಳಬಹುದು; ಯಾರೂ ಅವನ ಕಡೆಗೆ ತಿರುಗಿ ನೋಡರು. ಶೋಕವು ಮಧುರವಾದಷ್ಟೂ ಅನ್ಯಾಯವು ಮರೆಯಾಗುತ್ತದೆ. ಕರುಣರಸದಲ್ಲಿಯೂ ಆನಂದವುಂಟೆಂದು ನಮ್ಮ ಆಲಂಕಾರಿಕರು ಹೇಳಿದ್ದಾರಷ್ಟೆ. ೨೬೬ ಮಂದಿಯ ಸಾವಿನಿಂದ ಆನಂದವನ್ನು ಪಡೆಯುವ ಹಕ್ಕು ಕೇಳುವವನಿಗೆ ಉಂಟೆ? ಈ ಆಕ್ಷೇಪಣೆಯನ್ನು ನಾವು ಈಗಲೂ ಪೂರ್ತಿಯಾಗಿ ಬಿಟ್ಟಿಲ್ಲ.

ಆದರೆ ಇದಕ್ಕೆ ಎದುರಾಗಿ ಹೇಳತಕ್ಕುದೂ ಇದೆ. ಕೋಪದ ಹಾಡಿಗೆ ವಿವರಣೆ ಬೇಕು. ಕಾಣೆಯಾದ ದಾಖಲೆಗಳು ಯಾವುವು, ಷಿಲಿಂಗಿನ ಬೆಲೆ ಎಷ್ಟು ಎಂಬುದನ್ನು ತಿಳಿಯದ ತಲೆಮಾರು ಬಂದಾಗ ಅದು ಬಲ್ಲವರ ಗೋಷ್ಠಿಗೆ ಸೇರಿಹೋಗುತ್ತದೆ. ಮಾತಿಲ್ಲದ ಮಟ್ಟಿಗೆ ಆ ತೊಡಕಿಲ್ಲ. ಅದು ಗ್ರೆಸ್‌ಫರ್ಡಿನಿಂದ ಹೊರಟು ಎಲ್ಲ ಗಣಿಗಳ ಸಾವಿಗೂ ಸಲ್ಲುವ ಹಾಡಾಯಿತು. ‘ಗಣಿಗಾರರ ಪ್ರಾರ್ಥನೆ’ ಎಂದೇ ಅದನ್ನು ಕರೆಯುತ್ತಾರೆ. ಅದಕ್ಕೂ ಮಿಗಿಲಾಗಿ, ಅದಕ್ಕೆ ಒಂದು ಊರಿನ ಹೆಸರಿದೆ. ತಂದೆಯ ಪಕ್ಕದಲ್ಲಿ ನಿಂತು ಕೇಳಿದ ಹುಡುಗನು ‘ಗ್ರೆಸ್‌ಫರ್ಡ್ ಎಂದರೇನಪ್ಪ?’ ಎಂದು ಕೇಳದೆ ಇರಲಾರನು. ಆಗ ಉಳಿದುದನ್ನು ತಂದೆಯು ಹೇಳಬೇಕಾಗುತ್ತದೆ. ಸಾಕ್ಷಿಯ ಭಾರವನ್ನು ಈ ಹಾಡು ಕೇಳುವವರ ಮೇಲೆ ಹೊರಿಸುತ್ತದೆ ಎನ್ನೋಣವೆ? ನಮಗೆ ಈಗ ಹಾಗೆ ತೋರುತ್ತದೆ.

ವರ್ಷಕ್ಕೊಂದು ಸಲ ಕೂಡಿ ಸತ್ತವರನ್ನು ನೆನೆಯುವುದರ ಬಲವನ್ನು ತಿಳಿಯಲು ಡರ್ಹಮ್‌ವರೆಗೆ ಹೋಗಬೇಕಾಗಿಯೂ ಇಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಮ್ಮಿನ ದಿನಗಳಲ್ಲಿ ಕನ್ನಡದಲ್ಲಿಯೇ ರಿವಾಯತ್ ಪದಗಳನ್ನು ಹಾಡುತ್ತಾರೆ. ಕ್ರಿ.ಶ. ೬೮೦ರಲ್ಲಿ ಕರ್ಬಲೆಯ ಮರಳುಗಾಡಿನಲ್ಲಿ ಇಮಾಮ್ ಹುಸೇನರೂ ಅವರ ಸಂಗಡಿಗರೂ ಕುಡಿಯಲು ನೀರಿಲ್ಲದೆ ಹತರಾದ ಕಥೆ ಅವುಗಳ ವಸ್ತು. ಸಂಗಡಿಗರ ಸಂಖ್ಯೆ ೭೨ ಎಂದು ಸಂಪ್ರದಾಯ. ಹಾಡುವವರಲ್ಲಿ ಹಿಂದೂಗಳೂ ಇದ್ದಾರೆ. ಯೂಫ್ರೆಟೀಸ್ ನದಿಯನ್ನು ಕಾಣದವರು, ಕೃಷ್ಣೆ ಮಲಪ್ರಭೆಗಳ ದಡದಲ್ಲಿ ನಿಂತು, ಸಾವಿರದ ಮುನ್ನೂರು ವರ್ಷಗಳ ಹಿಂದಿನ ಬಾಯಾರಿಕೆಯನ್ನು ನೆನೆದು ಮರುಗುತ್ತಾರೆ. ಮುಂಗಾರು ತಪ್ಪಿದ ವರ್ಷದಲ್ಲಿ ಆ ಪದಗಳು ಇನ್ನೂ ಹತ್ತಿರವಾಗಿ ಕೇಳಿಸಬೇಕು.

ಹಲಗಲಿಯ ಹಾಡಿನಲ್ಲಿ ನಾವು ಕಂಡ ಕೊರತೆಯ ಮಾತು ಹಾಗೆಯೇ ಉಳಿಯಿತು. ಹೆಸರಿಲ್ಲದೆ ಸತ್ತವರ ಗತಿಯೇನು? ಹೆಸರಿಲ್ಲ ಎಂಬ ಸಂಗತಿಯಿಂದಲೇ ಹುಟ್ಟಿದ ಹಾಡೊಂದು ಅಮೆರಿಕಾ ದೇಶದಲ್ಲಿದೆ.

೧೯೪೮ನೆಯ ಇಸವಿ ಜನವರಿ ೨೮ರಂದು ಕ್ಯಾಲಿಫೋರ್ನಿಯಾ ಪ್ರಾಂತದ ಲಾಸ್ ಗಾಟೋಸ್ ಎಂಬ ಕಣಿವೆಯಲ್ಲಿ ಒಂದು ವಿಮಾನಕ್ಕೆ ಆಕಾಶದಲ್ಲಿಯೇ ಬೆಂಕಿ ಹತ್ತಿ, ರೆಕ್ಕೆ ಕಳಚಿ, ನೆಲಕ್ಕೆ ಬಿದ್ದಿತು. ಅದರಲ್ಲಿದ್ದ ೩೨ ಮಂದಿಯೂ ಸತ್ತರು. ಅವರಲ್ಲಿ ೨೮ ಮಂದಿ ಮೆಕ್ಸಿಕೋ ದೇಶದವರು. ತೋಟಗಳಲ್ಲಿ ಹಣ್ಣು ಕೀಳುವುದಕ್ಕೂ ಹೊಲಗಳಲ್ಲಿ ದುಡಿಯುವುದಕ್ಕೂ ಬಂದಿದ್ದವರು. ಕರಾರಿನ ಅವಧಿ ಮುಗಿದವರೂ ಅಪ್ಪಣೆಯಿಲ್ಲದೆ ಗಡಿ ದಾಟಿ ಬಂದಿದ್ದವರೂ ಅವರಲ್ಲಿದ್ದರು. ಸರ್ಕಾರವು ಅವರನ್ನು ಸ್ವದೇಶಕ್ಕೆ ಹಿಂದಿರುಗಿಸುತ್ತಿದ್ದಿತು. ಉಳಿದ ನಾಲ್ವರು ವಿಮಾನದ ಸಿಬ್ಬಂದಿಯೂ ಒಬ್ಬ ಕಾವಲಿನ ಅಧಿಕಾರಿಯೂ. ದೂರದ ಊರುಗಳಿಗೆ ಮುಟ್ಟಿದ ಸುದ್ದಿಯಲ್ಲಿ ಈ ನಾಲ್ವರ ಹೆಸರುಗಳಿದ್ದುವು. ೨೮ ಮಂದಿಯನ್ನು ‘ಗಡೀಪಾರಾದವರು’ ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದರು. ಫ್ರೆಸ್ನೋ ಪಟ್ಟಣದ ಸ್ಮಶಾನವೊಂದರಲ್ಲಿ ಅವರೆಲ್ಲರನ್ನೂ ಒಂದೇ ಗುಂಡಿಯಲ್ಲಿ ಹೂಳಿದರು. ಅಲ್ಲಿ ನೆಟ್ಟ ಫಲಕದಲ್ಲಿಯೂ ೨೮ ಮಂದಿ ಮೆಕ್ಸಿಕೋ ಪ್ರಜೆಗಳು ಎಂದು ಇದ್ದಿತೇ ಹೊರತು ಹೆಸರುಗಳಿರಲಿಲ್ಲ.

ವುಡಿ ಗಥ್ರಿ ಎಂಬ ಪ್ರಸಿದ್ಧ ಹಾಡುಗಾರನು ಸುದ್ದಿಯನ್ನು ತಿಳಿದು ಒಂದು ಪದ್ಯವನ್ನು ಬರೆದನು. ಆ ಪದ್ಯದ ಗುರಿಯೇ ಈ ಹೆಸರಿಲ್ಲದಿರುವಿಕೆ. ನಿಮ್ಮ ಮೇಜಿನ ಮೇಲಿರುವ ಹಣ್ಣನ್ನು ಕಿತ್ತ ಕೈ ಯಾರದೆಂದು ನಿಮಗೆ ತಿಳಿಯದಲ್ಲ ಎಂಬುದು ಅದರ ಒಳಗಿನ ಚುಚ್ಚು. ನಿಜವಾದ ಹೆಸರುಗಳು ಅವನಿಗೂ ತಿಳಿಯದು. ಆದುದರಿಂದ ಆ ಜನರಲ್ಲಿ ಸಾಮಾನ್ಯವಾಗಿರುವ ಕೆಲವು ಹೆಸರುಗಳನ್ನು ತಾನೇ ಇಟ್ಟು, ಅವರನ್ನು ಕರೆದು ಬೀಳ್ಕೊಟ್ಟನು. ಮಟ್ಟು ಆಗ ಇರಲಿಲ್ಲ. ಸುಮಾರು ಹತ್ತು ವರ್ಷಗಳ ಮೇಲೆ ಮಾರ್ಟಿನ್ ಹಾಫ್‌ಮನ್ ಎಂಬ ಉಪಾಧ್ಯಾಯನು ಅದನ್ನು ಕೂಡಿಸಿದ ಮೇಲೆ ಹಾಡು ದೇಶದಲ್ಲೆಲ್ಲ ಹರಡಿತು. ನಮ್ಮ ಎಣಿಕೆಯಲ್ಲಿ, ಮಟ್ಟಿನ ಮೃದುತ್ವದಿಂದ ಪದ್ಯದ ಚುಚ್ಚು ಸ್ವಲ್ಪ ಮೊಂಡಾಗಿದೆ. ಆದರೆ ಆ ಮೃದುತ್ವವಿಲ್ಲದಿದ್ದರೆ ಅಷ್ಟು ಮಂದಿ ಅದನ್ನು ಹಾಡುತ್ತಿರಲಿಲ್ಲ ಎಂಬುದೂ ನಿಜ.

ಹಾಡು ಬೆಳೆಯುತ್ತ ಹೋಯಿತು. ಗುಂಡಿ ಹಾಗೆಯೇ ಇದ್ದಿತು. ಆರು ದಶಕಗಳು ಕಳೆದ ಮೇಲೆ ಟಿಮ್ ಹರ್ನಾಂಡೆಜ್ ಎಂಬ ಲೇಖಕರು ಆ ಹೆಸರುಗಳನ್ನು ಹುಡುಕಲು ಹೊರಟರು. ಹಳೆಯ ದಾಖಲೆಗಳಲ್ಲಿ ಹೆಸರುಗಳಿದ್ದರೂ ಕಾಗುಣಿತ ಕೆಟ್ಟಿದ್ದಿತು. ಒಂದೊಂದನ್ನೂ ತಿದ್ದಿ, ಮೆಕ್ಸಿಕೋದಲ್ಲಿ ಬಂಧುಗಳನ್ನು ಹುಡುಕಿ ಮಾತನಾಡಿಸಬೇಕಾಯಿತು. ೨೦೧೩ನೆಯ ಇಸವಿ ಸೆಪ್ಟೆಂಬರಿನಲ್ಲಿ ಆ ಗುಂಡಿಯ ಮೇಲೆ ಹೊಸ ಕಲ್ಲನ್ನು ನಿಲ್ಲಿಸಿದರು. ಅದರ ಮೇಲೆ ೨೮ ಹೆಸರುಗಳೂ ಇವೆ.

ಈ ಕೆಲಸವನ್ನು ಹಾಡು ಮಾಡಲಿಲ್ಲ. ಮಾಡಿದುದು ಒಬ್ಬ ಮನುಷ್ಯನ ಹಟ ಮತ್ತು ಕಡತಗಳು. ಆದರೆ ಹುಡುಕಬೇಕಾದುದು ಒಂದು ಇದೆ ಎಂಬುದನ್ನು ಅರುವತ್ತು ವರ್ಷಗಳವರೆಗೆ ಜನರಿಗೆ ನೆನಪು ಮಾಡುತ್ತ ಬಂದುದು ಹಾಡು. ಹಲಗಲಿಯ ೧೯ ಮಂದಿಯನ್ನು ಕುರಿತು ಇಷ್ಟು ಶ್ರದ್ಧೆಯಿಂದ ಹಳ್ಳಿ ಹಳ್ಳಿ ತಿರುಗಿ ಕೇಳುವವರು ಇದ್ದರೆ ಆ ಲಾವಣಿಯ ಸಾಲುಗಳ ನಡುವೆಯೂ ಇನ್ನಷ್ಟು ಹೆಸರುಗಳು ಬಂದು ಕುಳಿತುಕೊಳ್ಳುತ್ತಿದ್ದುವೋ ಏನೋ. ಗಥ್ರಿಯ ಹಾಡನ್ನು ಈಗಲೂ ಹೆಚ್ಚು ಮಂದಿ ಅವನು ಇಟ್ಟ ಹೆಸರುಗಳಿಂದಲೇ ಹಾಡುತ್ತಾರೆ. ಆ ಸೀಮೆಯ ಲ್ಯಾನ್ಸ್ ಕನಾಲೆಸ್ ಎಂಬ ಗಾಯಕರು ಅದನ್ನು ಧ್ವನಿಮುದ್ರಣ ಮಾಡುವಾಗ ಹರ್ನಾಂಡೆಜ್ ಅವರನ್ನೂ ಕರೆಸಿಕೊಂಡರು. ಅಲ್ಲಿ ಹಾಡಿನ ಜೊತೆಯಲ್ಲಿಯೇ, ರಾಗವಿಲ್ಲದ ಸಾದಾ ಧ್ವನಿಯಲ್ಲಿ, ೨೮ ಹೆಸರುಗಳನ್ನೂ ಒಂದಾದ ಮೇಲೆ ಒಂದರಂತೆ ಓದುವುದು ಕೇಳಿಸುತ್ತದೆ.